ಪುರುಷರ ವಾಲಿಬಾಲ್ ವಿಶ್ವ ಚಾಂಪಿಯನ್‌ಷಿಪ್: ಪುಣೆಯ ನಮ್ಮ ಭಾನುವಾರದ ಗುಂಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಪಿಂಪ್ರಿ-ಚಿಂಚ್‌ವಡ ಕಡೆಯ ಒಂದಿಷ್ಟು ಕನ್ನಡಿಗರು. ಭಾನುವಾರ ಬೆಳಿಗ್ಗೆ ನಿಗಡಿ ಹತ್ತಿರದ ಒಂದು ಮೈದಾನದಲ್ಲಿ ವಾಲಿಬಾಲ್ ಆಡುತ್ತೇವೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರೇ ಜಾಸ್ತಿ. ಚಾಕಣ, ಭೋಸರಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ನನ್ನಂಥ ಕುಂದಾಪುರದವರು ಮೂರ್ನಾಲ್ಕು ಜನ ಇದ್ದೇವೆ. 2025ರ ಸೆಪ್ಟೆಂಬರಿನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಪುರುಷರ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಒಬ್ಬರ ಮನೆಯ ಹಾಲ್‌ನಲ್ಲಿ ಒಟ್ಟಿಗೆ ಕೂತು ಪಂದ್ಯಗಳನ್ನು ನೋಡಿದೆವು. ಮನೆಯವರು, ಮಕ್ಕಳು, ಪಕ್ಕದ ಮನೆಯ ಮರಾಠಿ ಕಾಕಾ ಎಲ್ಲರೂ ಬಂದರು. ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ವಿಶ್ವಕಪ್, ವಿಶ್ವ ಚಾಂಪಿಯನ್‌ಷಿಪ್, ನೇಷನ್ಸ್ ಲೀಗ್ ಎಲ್ಲ ಒಂದೇನಾ?

ಅಲ್ಲ. ಈ ಮೂರರಲ್ಲಿ ಹಳೆಯದು ವಿಶ್ವ ಚಾಂಪಿಯನ್‌ಷಿಪ್. ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ ಶುರುವಾದದ್ದು 1947ರಲ್ಲಿ. ಎರಡೇ ವರ್ಷಕ್ಕೆ, 1949ರಲ್ಲಿ, ಪ್ರಾಗ್ ನಗರದಲ್ಲಿ ಪುರುಷರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಗೆದ್ದದ್ದು ಸೋವಿಯತ್ ಒಕ್ಕೂಟ. ಒಲಿಂಪಿಕ್ಸ್‌ಗೆ ವಾಲಿಬಾಲ್ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ, 1964ರ ಟೋಕಿಯೊದಲ್ಲಿ.

ನೇಷನ್ಸ್ ಲೀಗ್ ಪ್ರತಿ ವರ್ಷ ನಡೆಯುತ್ತದೆ. ಮೊದಲು ವರ್ಲ್ಡ್ ಲೀಗ್ ಅಂತ ಇತ್ತು, 1990ರಿಂದ 2017ರವರೆಗೆ. 2018ರಲ್ಲಿ ಅದರ ಜಾಗಕ್ಕೆ ಇದು ಬಂತು. 2025ರಿಂದ ಇದರಲ್ಲಿ 18 ತಂಡಗಳು. ವಿಶ್ವಕಪ್ ಅನ್ನುವುದು ಬೇರೆಯೇ ಟೂರ್ನಿ, ಹೆಚ್ಚಾಗಿ ಜಪಾನಿನಲ್ಲಿ ನಡೆಯುತ್ತಿತ್ತು. ನಾವು ಮಾತಿನಲ್ಲಿ ಎಲ್ಲವನ್ನೂ ವಿಶ್ವಕಪ್ ಅಂದುಬಿಡುತ್ತೇವೆ, ಗೊಂದಲ ಅಲ್ಲಿಂದಲೇ.

ಒಂದು ಟೂರ್ನಿ ಗೆದ್ದವರು ಇನ್ನೊಂದನ್ನೂ ಗೆಲ್ಲುತ್ತಾರೆ ಅಂತಿಲ್ಲ. 2025ರ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಪೋಲೆಂಡ್ ಇಟಲಿಯನ್ನು 3-0 ಸೆಟ್‌ಗಳಿಂದ ಸೋಲಿಸಿತು. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಮನಿಲಾದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಅದೇ ಇಟಲಿ ಅದೇ ಪೋಲೆಂಡನ್ನು 3-0ಯಿಂದಲೇ ಸೋಲಿಸಿತು.

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಷ್ಟು ತಂಡ? ಹೇಗೆ ನಡೆಯುತ್ತದೆ?

2025ರಲ್ಲಿ 32 ತಂಡಗಳಿದ್ದವು. ನಾಲ್ಕು ನಾಲ್ಕು ತಂಡಗಳ ಎಂಟು ಗುಂಪು. ಗುಂಪಿನಲ್ಲಿ ಒಂದು ತಂಡಕ್ಕೆ ಮೂರೇ ಪಂದ್ಯ. ಮೊದಲ ಇಬ್ಬರು ಮುಂದಕ್ಕೆ. ಅಲ್ಲಿಂದ ಸೋತವರು ಮನೆಗೆ. ಒಟ್ಟು 64 ಪಂದ್ಯ. ಮೊದಲು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಇನ್ನು ಎರಡು ವರ್ಷಕ್ಕೊಮ್ಮೆ.

ಮೂರೇ ಪಂದ್ಯ ಅನ್ನುವುದನ್ನು ಗಮನಿಸಿ. ಒಂದು ದಿನ ಕೈಕೊಟ್ಟರೆ ಮುಗಿಯಿತು. ಫ್ರಾನ್ಸ್ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡ. ಮನಿಲಾದಲ್ಲಿ ಫಿನ್ಲೆಂಡ್‌ಗೆ 2-3ರಿಂದ, ಅರ್ಜೆಂಟೀನಾಕ್ಕೂ 2-3ರಿಂದ ಸೋತು ಗುಂಪಿನಲ್ಲೇ ಹೊರಗೆ ಬಿತ್ತು. ಬ್ರೆಜಿಲ್ ಹೊರಗೆ. ಜಪಾನ್ ಹೊರಗೆ. ನಮ್ಮ ಮಕ್ಕಳಿಗೆಲ್ಲ ಜಪಾನ್ ಅಂದರೆ ಪ್ರಾಣ, ಯೂಕಿ ಇಶಿಕಾವಾನ ಹೊಡೆತ ನೋಡಿಯೇ ಅವರು ವಾಲಿಬಾಲ್‌ಗೆ ಬಂದದ್ದು. ಅವತ್ತು ಇಬ್ಬರು ಹುಡುಗರು ಊಟ ಮಾಡದೆ ಮಲಗಿದರು. ಅವರಮ್ಮನಿಗೆ ಬೇಜಾರಾಯಿತು, ನನಗೆ ಮಾತ್ರ ಒಳಗೊಳಗೇ ಖುಷಿ. ಒಂದು ಆಟಕ್ಕಾಗಿ ಮಗು ಅಷ್ಟು ನೊಂದುಕೊಂಡರೆ ಆ ಆಟ ಅದರೊಳಗೆ ಇಳಿದಿದೆ ಅಂತ ಅರ್ಥ ಅಲ್ವಾ.

ಇನ್ನೊಂದು ಕಡೆ ನೋಡಿ. ಆತಿಥೇಯ ಫಿಲಿಪ್ಪೀನ್ಸ್ ಈಜಿಪ್ಟನ್ನು 3-1ರಿಂದ ಸೋಲಿಸಿತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರ ಪುರುಷರಿಗೆ ಅದೇ ಮೊದಲ ಗೆಲುವು. ಆ ಕ್ರೀಡಾಂಗಣದ ಸದ್ದು ಟಿವಿಯಲ್ಲಿ ಕೇಳಿದರೂ ಮೈ ಜುಮ್ಮೆನ್ನುತ್ತಿತ್ತು.

ಇಷ್ಟು ದೇಶಗಳಿವೆ. ಭಾರತ ಯಾಕಿಲ್ಲ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಸ್ವಲ್ಪ ನೋವೂ ಇರುತ್ತದೆ.

ಲೆಕ್ಕದ ಉತ್ತರ ಮೊದಲು ಹೇಳುತ್ತೇನೆ. 2025ಕ್ಕೆ ಆತಿಥೇಯರಿಗೆ ಒಂದು ಜಾಗ, ಹಿಂದಿನ ಚಾಂಪಿಯನ್ ಇಟಲಿಗೆ ಒಂದು. ಐದು ಖಂಡಗಳ ಚಾಂಪಿಯನ್‌ಷಿಪ್‌ಗಳಿಂದ ಮೂರು ಮೂರು ತಂಡ. ಉಳಿದ 15 ಜಾಗ ವಿಶ್ವ ರ‍್ಯಾಂಕಿಂಗ್ ಪ್ರಕಾರ. ಏಷ್ಯಾದ ಮೂರು ಜಾಗ ಜಪಾನ್, ಇರಾನ್, ಕತಾರ್‌ಗೆ ಹೋದವು. ರ‍್ಯಾಂಕಿಂಗ್ ಏರಬೇಕಾದರೆ ದೊಡ್ಡ ತಂಡಗಳ ಜೊತೆ ವರ್ಷವಿಡೀ ಆಡುತ್ತಿರಬೇಕು. ಆ ಅವಕಾಶ ನಮ್ಮ ಹುಡುಗರಿಗೆ ಕಡಿಮೆ.

ಹಾಗಂತ ನಮಗೆ ಇತಿಹಾಸ ಇಲ್ಲ ಅಂದುಕೊಳ್ಳಬೇಡಿ. 1952ರಲ್ಲಿ ಮಾಸ್ಕೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಆಡಿತ್ತು, ಎಂಟನೇ ಸ್ಥಾನ ಬಂದಿತ್ತು. ಏಷ್ಯನ್ ಗೇಮ್ಸ್‌ನಲ್ಲಿ 1958ರಲ್ಲಿ ಕಂಚು, 1962ರಲ್ಲಿ ಬೆಳ್ಳಿ, 1986ರಲ್ಲಿ ಮತ್ತೆ ಕಂಚು. 1986ರ ಆ ತಂಡದಲ್ಲಿ ಕೇರಳದ ಜಿಮ್ಮಿ ಜಾರ್ಜ್ ಇದ್ದರು. ಇಟಲಿಯ ಕ್ಲಬ್‌ಗಳಲ್ಲಿ ಆಡಿದ ಭಾರತೀಯ. ಅಲ್ಲಿನ ಜನ ಅವರನ್ನು ತಲೆಯ ಮೇಲೆ ಹೊತ್ತುಕೊಂಡಿದ್ದರು. 1987ರಲ್ಲಿ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಗುಂಪಿನ ಹಿರಿಯರು ಇವತ್ತಿಗೂ ಅವರ ಹೆಸರು ಹೇಳುವಾಗ ಒಂದು ಕ್ಷಣ ಸುಮ್ಮನಾಗುತ್ತಾರೆ.

2003ರಲ್ಲಿ ನಮ್ಮ 19ರ ಒಳಗಿನ ಹುಡುಗರು ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ಗೇ ಹೋಗಿದ್ದರು. ಬ್ರೆಜಿಲ್‌ಗೆ ಸೋತು ಬೆಳ್ಳಿ ತಂದರು. ಹುಡುಗರ ಕೈಯಲ್ಲಿ ಕಸುಬು ಇದೆ ಅನ್ನುವುದಕ್ಕೆ ಇನ್ನೇನು ಬೇಕು? ಮುಂದೆ ಅವರನ್ನು ಬೆಳೆಸುವ ಕೆಲಸ ಆಗಲಿಲ್ಲ. ಆಡಳಿತದ ಜಗಳವೂ ಸೇರಿಕೊಂಡಿತು, 2016ರ ಕೊನೆಯಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ ನಮ್ಮ ಫೆಡರೇಶನ್ನನ್ನು ಅಮಾನತು ಮಾಡುವಷ್ಟರ ಮಟ್ಟಿಗೆ.

ಆದರೂ ನನಗೆ ಆಸೆ ಬತ್ತಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 3-2ರಿಂದ ಸೋಲಿಸಿತು. ಏಷ್ಯಾದಲ್ಲಿ ಕೊರಿಯಾ ಎಂಥ ತಂಡ ಅಂತ ಗೊತ್ತಿದ್ದವರಿಗೆ ಅದು ಸಣ್ಣ ಮಾತಲ್ಲ. ಆ ತಂಡದ ನೆಟ್ ಮುಂದೆ ನಿಂತಿದ್ದವರಲ್ಲಿ ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ ಒಬ್ಬರು. ಕೊನೆಗೆ ಭಾರತಕ್ಕೆ ಆರನೇ ಸ್ಥಾನ ಬಂತು.

ಇಂಥ ಟೂರ್ನಿ ನಮ್ಮ ಪುಣೆಯಲ್ಲಿ ಯಾವತ್ತಾದರೂ ನಡೆದಿದೆಯಾ?

ನಡೆದಿದೆ! ಎಷ್ಟೋ ಪುಣೆಕರರಿಗೇ ಇದು ಗೊತ್ತಿಲ್ಲ. 2009ರಲ್ಲಿ 21ರ ಒಳಗಿನ ಪುರುಷರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲದಲ್ಲಿ. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಜಾಗ ಅದು. 2008ರಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವೂ ಅಲ್ಲೇ ಆಗಿತ್ತು. ಮರುವರ್ಷ ವಾಲಿಬಾಲ್. ಹದಿನಾರು ದೇಶಗಳ ತಂಡ. ಜುಲೈ ಕೊನೆಯಲ್ಲಿ ಶುರು, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಮುಗಿಯಿತು. ಬ್ರೆಜಿಲ್ ಗೆದ್ದಿತು.

ಆ ದಿನಗಳು ನನಗೆ ಮರೆಯುವುದಿಲ್ಲ. ನಾನು ಪುಣೆಗೆ ಬಂದು ಆಗಿನ್ನೂ ಜಾಸ್ತಿ ದಿನ ಆಗಿರಲಿಲ್ಲ. ಮಳೆಗಾಲ. ಅದೇ ಹೊತ್ತಿಗೆ ಊರಿಗೆ ಹಂದಿಜ್ವರ ಬಂತು. ಈ ದೇಶದಲ್ಲಿ ಆ ಜ್ವರಕ್ಕೆ ಮೊದಲ ಸಾವು ಆದದ್ದು ಇದೇ ಪುಣೆಯಲ್ಲಿ, ಆಗಸ್ಟ್ 3ಕ್ಕೆ, ಶಾಲೆಗೆ ಹೋಗುವ ಒಂದು ಹುಡುಗಿ. ಬಸ್ಸಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್, ಇಲ್ಲದವರಿಗೆ ಕರವಸ್ತ್ರ. ಊರಿಂದ ಅಮ್ಮ ಫೋನ್ ಮಾಡಿ “ಎಲ್ಲಿಗೂ ಹೋಗಬೇಡ ಮಗಾ” ಅಂದಿದ್ದಳು. ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋದೆ. ಅಮ್ಮನಿಗೆ ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಒಳಗೆ ಹೋಗಿ ಕೂತಾಗ ಮೊದಲು ಕೇಳಿದ್ದು ಸದ್ದು. ಬ್ರೆಜಿಲ್ ಹುಡುಗರು ಅಭ್ಯಾಸಕ್ಕೆ ಹೊಡೆಯುತ್ತಿದ್ದರು. ನಮ್ಮೂರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಆಡುವಾಗ ಚೆಂಡು ಬಿದ್ದರೆ ದೊಪ್ ಅಂತ ಮಣ್ಣಿನ ಸದ್ದು. ಇಲ್ಲಿ ಗುಂಡು ಹಾರಿದ ಹಾಗೆ. ಅವರೆಲ್ಲ 19-20 ವರ್ಷದ ಹುಡುಗರು, ನನಗಿಂತ ಚಿಕ್ಕವರು. ಅವತ್ತಿನಿಂದ ನಾನು ಈ ಆಟವನ್ನು ನೋಡುವುದೂ ಕಲಿಯಬೇಕು ಅಂತ ನಿರ್ಧಾರ ಮಾಡಿದೆ. ಅಲ್ಲಿಯವರೆಗೆ ಬರೀ ಆಡುತ್ತಿದ್ದೆ.

ಹಾಗಾದರೆ ಪಂದ್ಯ ನೋಡುವಾಗ ಏನು ನೋಡಬೇಕು? ಚೆಂಡು ಆಚೆ ಈಚೆ ಹೋಗೋದಷ್ಟೇ ಕಾಣುತ್ತದಲ್ಲ?

ಮೊದಲ ಪಾಸ್ ನೋಡಿ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯ ಇದ್ದರೆ ಇದನ್ನೇ ಓದಿ.

ಎಲ್ಲರ ಕಣ್ಣೂ ಸ್ಮ್ಯಾಶ್ ಮೇಲೆ. ಮೇಲೆ ಹಾರಿ ಹೊಡೆದವನಿಗೆ ಚಪ್ಪಾಳೆ. ಆದರೆ ಆ ಹೊಡೆತ ಆಗುತ್ತದೋ ಇಲ್ಲವೋ ಅನ್ನುವುದು ಅದಕ್ಕೂ ಎರಡು ಮುಟ್ಟಿಗೆ ಮುಂಚೆಯೇ ತೀರ್ಮಾನ ಆಗಿರುತ್ತದೆ. ಸರ್ವಿಸ್ ತೆಗೆದುಕೊಳ್ಳುವವನು ಚೆಂಡನ್ನು ನೆಟ್ ಹತ್ತಿರ, ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವ ಲಿಫ್ಟರ್ ನಿಂತ ಜಾಗಕ್ಕೇ ಮೆತ್ತಗೆ ಕಳಿಸಿದ ಅಂದುಕೊಳ್ಳಿ. ಆಗ ಲಿಫ್ಟರ್ ರಾಜ. ಟಿವಿಯವರು ಸೆಟ್ಟರ್ ಅನ್ನುವುದು ಇವನಿಗೇ. ಎಡಕ್ಕೆ ಕೊಡಬಹುದು, ಬೆನ್ನ ಹಿಂದೆ ಬಲಕ್ಕೆ ಕೊಡಬಹುದು, ನಡುವಿನವನಿಗೆ ಗಿಡ್ಡ ಕ್ವಿಕ್ (ನೆಟ್ ಪಕ್ಕದಲ್ಲೇ ತಟ್ಟನೆ ಹೊಡೆಯುವ ಚೆಂಡು) ಕೊಡಬಹುದು, ಹಿಂದಿನ ಸಾಲಿನಿಂದ ಹಾರಿ ಬರುವವನಿಗೂ ಕೊಡಬಹುದು. ನೆಟ್ ಆಚೆ ಕೈ ಎತ್ತಿ ಹೊಡೆತ ತಡೆಯುವ ಬ್ಲಾಕರ್‌ಗಳಿಗೆ ಎಲ್ಲಿ ಹಾರಬೇಕು ಅಂತ ತಿಳಿಯುವುದಿಲ್ಲ. ಒಬ್ಬನೇ ಕೈ ಎತ್ತಿಕೊಂಡು ಉಳಿಯುತ್ತಾನೆ, ಹೊಡೆಯುವವನಿಗೆ ಬಯಲು ಸಿಗುತ್ತದೆ.

ಅದೇ ಪಾಸ್ ನೆಟ್‌ನಿಂದ ಮೂರು ನಾಲ್ಕು ಮೀಟರ್ ಹಿಂದೆ ಬಿತ್ತು ಅಂದುಕೊಳ್ಳಿ. ಲಿಫ್ಟರ್ ಓಡಬೇಕು. ನಡುವಿನ ಕ್ವಿಕ್ ಸತ್ತೇ ಹೋಯಿತು. ಚೆಂಡು ಬದಿಗೇ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇಬ್ಬರು ಮೂವರು ಬ್ಲಾಕರ್‌ಗಳು ಮೊದಲೇ ಹೋಗಿ ಗೋಡೆ ಕಟ್ಟಿ ನಿಲ್ಲುತ್ತಾರೆ. ಹೊಡೆಯುವವನು ಎಷ್ಟೇ ಎತ್ತರ ಹಾರಲಿ, ಅವನ ಮುಂದೆ ಆರು ಕೈಗಳು.

ಒಂದು ಸೆಟ್ ಪೂರ್ತಿ ಹೀಗೆ ನೋಡಿ. ಸರ್ವಿಸ್ ಆದ ತಕ್ಷಣ ಲಿಫ್ಟರ್‌ನ ಕಾಲು ನೋಡಿ. ಅವನು ಎರಡು ಹೆಜ್ಜೆ ಇಟ್ಟನಾ, ಐದು ಹೆಜ್ಜೆ ಓಡಿದನಾ? ಅರ್ಧ ಸೆಟ್ ಆಗುವುದರೊಳಗೆ ಪಾಯಿಂಟ್ ಯಾರಿಗೆ ಅಂತ ನೀವೇ ಮೊದಲು ಹೇಳತೊಡಗುತ್ತೀರಿ. ನಮ್ಮ ಗುಂಪಿನ ಒಬ್ಬರ ಹೆಂಡತಿ ಯಾವತ್ತೂ ಚೆಂಡು ಮುಟ್ಟಿದವರಲ್ಲ. ಎರಡನೇ ಪಂದ್ಯದ ಹೊತ್ತಿಗೆ “ಇದು ಹೋತ್ ನೋಡ್ರಿ, ಪಾಸ್ ದೂರ ಬಿತ್ತು” ಅಂತ ನಮಗಿಂತ ಮೊದಲು ಹೇಳುತ್ತಿದ್ದರು.

ಮನಿಲಾದ ಫೈನಲ್‌ನಲ್ಲಿ ಇಟಲಿ ಬಲ್ಗೇರಿಯಾವನ್ನು 3-1ರಿಂದ ಗೆದ್ದಿತು. ನಾಲ್ಕನೇ ಸೆಟ್ 25-10. ಆ ಸೆಟ್ ಮತ್ತೆ ಸಿಕ್ಕರೆ ಸ್ಕೋರ್ ನೋಡಲೇಬೇಡಿ. ಬಲ್ಗೇರಿಯಾದ ಮೊದಲ ಪಾಸ್ ಎಲ್ಲಿ ಬೀಳುತ್ತಿದೆ ಅಷ್ಟೇ ನೋಡಿ.

ಇಷ್ಟು ದೊಡ್ಡ ಆಟಗಾರರು ಸರ್ವಿಸನ್ನು ಯಾಕೆ ಅಷ್ಟೊಂದು ಹಾಳು ಮಾಡುತ್ತಾರೆ? ಸುಮ್ನೆ ಮೆತ್ತಗೆ ಹಾಕಬಾರದಾ?

ಮೇಲಿನ ಉತ್ತರ ಓದಿದ್ದರೆ ಇದು ತಾನೇ ಬಿಡಿಸಿಕೊಳ್ಳುತ್ತದೆ. ಮೆತ್ತಗೆ ಹಾಕಿದರೆ ಎದುರಿನವರ ಪಾಸ್ ಸರಿಯಾಗಿ ಕೂರುತ್ತದೆ. ಪಾಸ್ ಕೂತರೆ ಈ ಮಟ್ಟದಲ್ಲಿ ಹೆಚ್ಚಿನ ಸಲ ಪಾಯಿಂಟ್ ಅವರದೇ. ಹೇಗೂ ಪಾಯಿಂಟ್ ಹೋಗುತ್ತದೆ ಅಂದ ಮೇಲೆ ಜೋರಾಗಿ ಹೊಡೆದು ಪಾಸ್ ಕೆಡಿಸಲು ನೋಡುವುದೇ ಜಾಣತನ. ಗಂಟೆಗೆ 120 ಕಿ.ಮೀ. ದಾಟಿ ಬರುವ ಸರ್ವಿಸ್ ಅಂಕಣದ ಈ ತುದಿಯಿಂದ ಆ ತುದಿಗೆ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ತಲುಪುತ್ತದೆ. ನಾಲ್ಕು ಹಾಳಾದರೂ ಒಂದು ಏಸ್ (ಯಾರೂ ಎತ್ತಲಾಗದೆ ನೇರ ಪಾಯಿಂಟ್ ಆದ ಸರ್ವಿಸ್), ಮೂರು ಕೆಟ್ಟ ಪಾಸ್ ಸಿಕ್ಕರೆ ಲಾಭವೇ. ನಮ್ಮ ಭಾನುವಾರದ ಆಟಕ್ಕೆ ಈ ಲೆಕ್ಕ ಹೊಂದುವುದಿಲ್ಲ. ನಮ್ಮಲ್ಲಿ ಸರ್ವಿಸ್ ಒಳಗೆ ಬಿದ್ದರೇ ಅರ್ಧ ಪಾಯಿಂಟ್ ಬಂದ ಹಾಗೆ, ದಯವಿಟ್ಟು ಒಳಗೆ ಹಾಕಿ.

ನಾವು ಆಡುವಾಗ 15 ಪಾಯಿಂಟ್ ಇತ್ತು. ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್. ಅದು ಯಾವಾಗ ಹೋಯಿತು?

ಈ ಪ್ರಶ್ನೆ ನಮ್ಮ ದೊಡ್ಡಪ್ಪನದು. ಮಗನ ಮನೆಗೆಂದು ಕುಂದಾಪುರದಿಂದ ಪುಣೆಗೆ ಬಂದವರು ಟಿವಿ ಮುಂದೆ ಕೂತರು. ಹತ್ತು ನಿಮಿಷಕ್ಕೆ ಕೇಳಿದರು, “ಸರ್ವಿಸ್ ಅವರದ್ದು, ಪಾಯಿಂಟ್ ಇವರಿಗೆ. ಇದೆಂಥ ಲೆಕ್ಕ ಮಾರಾಯ?”

ಹಳೆಯ ಲೆಕ್ಕದಲ್ಲಿ ಸರ್ವಿಸ್ ಮಾಡಿದ ತಂಡ ಗೆದ್ದರೆ ಮಾತ್ರ ಪಾಯಿಂಟ್. ಎದುರಿನವರು ಗೆದ್ದರೆ ಅವರಿಗೆ ಸರ್ವಿಸ್ ಸಿಗುತ್ತಿತ್ತು ಅಷ್ಟೇ. ಒಂದೊಂದು ಪಂದ್ಯ ಮೂರು ಗಂಟೆ ಎಳೆಯುತ್ತಿತ್ತು. ಕಳೆದ ಶತಮಾನದ ಕೊನೆಗೆ ಅದನ್ನು ತೆಗೆದುಹಾಕಿ ರ‍್ಯಾಲಿ ಲೆಕ್ಕ ತಂದರು. ಒಂದು ಸರ್ವಿಸ್‌ನಿಂದ ಪಾಯಿಂಟ್ ತೀರ್ಮಾನ ಆಗುವವರೆಗಿನ ಆಟಕ್ಕೆ ರ‍್ಯಾಲಿ ಅನ್ನುತ್ತಾರೆ. ಈಗ ಯಾರು ಸರ್ವಿಸ್ ಮಾಡಿದರೂ ರ‍್ಯಾಲಿ ಗೆದ್ದವರಿಗೆ ಪಾಯಿಂಟ್. ನಾಲ್ಕು ಸೆಟ್ 25ಕ್ಕೆ, ಐದನೆಯದು 15ಕ್ಕೆ, ಎಲ್ಲದರಲ್ಲೂ ಎರಡು ಪಾಯಿಂಟ್ ಅಂತರ ಬೇಕು. ಸರ್ವಿಸ್ ನೆಟ್‌ಗೆ ತಾಗಿ ಆಚೆ ಬಿದ್ದರೂ ಆಟ ಮುಂದುವರಿಯುತ್ತದೆ. ಕಾಲಿಗೆ ತಾಗಿ ಎದ್ದರೂ ಸರಿ.

ದೊಡ್ಡಪ್ಪನಿಗೆ ಇದು ಪೂರ್ತಿ ಒಪ್ಪಿಗೆ ಆಗಲಿಲ್ಲ. ಹಳೆಯ ಲೆಕ್ಕದಲ್ಲಿ 4-14 ಇದ್ದರೂ ವಾಪಸ್ ಬರುವ ದಾರಿ ಇತ್ತು, ಸರ್ವಿಸ್ ಕಿತ್ತುಕೊಂಡರೆ ಎದುರಿನವರು ಅಲ್ಲೇ ನಿಲ್ಲುತ್ತಿದ್ದರು ಅನ್ನುವುದು ಅವರ ವಾದ. ಅದರಲ್ಲಿ ಸತ್ಯ ಇದೆ. ಹೊನಲು ಬೆಳಕಿನ ಟೂರ್ನಿಗಳಲ್ಲಿ ಬೆಳಗಿನ ಜಾವದವರೆಗೆ ಆಡಿದವರು ಅವರು. ಆ ತಾಳ್ಮೆಯ ಆಟ ಅವರ ಕಾಲದ್ದು. ಆದರೆ ಹೊಸದಾಗಿ ನೋಡುವ ಮಗುವಿಗೆ ಈಗಿನ ಲೆಕ್ಕ ಒಂದೇ ನಿಮಿಷದಲ್ಲಿ ಅರ್ಥ ಆಗುತ್ತದೆ, ಅದೂ ಬೇಕಲ್ಲ.

ಒಬ್ಬನಿಗೆ ಮಾತ್ರ ಬೇರೆ ಬಣ್ಣದ ಜೆರ್ಸಿ ಯಾಕೆ?

ಅವನು ಲಿಬೆರೊ. 1998ರ ಹೊತ್ತಿಗೆ ಬಂದ ಸ್ಥಾನ. ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಎತ್ತುವುದೇ ಅವನ ಕೆಲಸ. ಸರ್ವಿಸ್ ಮಾಡುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಆಚೆಗೆ ಹೊಡೆಯುವಂತಿಲ್ಲ. ಬದಲಿ ಆಟಗಾರರ ಲೆಕ್ಕಕ್ಕೆ ಸೇರದೆ ಒಳಗೆ ಹೊರಗೆ ಓಡಾಡುತ್ತಾನೆ. ಗುರುತು ಸಿಗಲಿ ಅಂತ ಬೇರೆ ಬಣ್ಣ. ಇಡೀ ಅಂಕಣದಲ್ಲಿ ನನಗೆ ಅತಿ ಇಷ್ಟದ ಆಟಗಾರ ಇವನೇ. ಎರಡು ಮೀಟರ್ ಎತ್ತರದವರ ನಡುವೆ ಸಾಮಾನ್ಯ ಎತ್ತರದ ಮನುಷ್ಯನಿಗೆ ಈ ಆಟ ಇಟ್ಟುಕೊಂಡ ಜಾಗ ಇದು.

ನೆಟ್ ಎತ್ತರ, ಅಂಕಣದ ಅಳತೆ ಎಷ್ಟು? ನಮ್ಮ ಸೊಸೈಟಿಯಲ್ಲಿ ಹಾಕಬೇಕಿತ್ತು.

ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಗಂಡಸರಿಗೆ ನೆಟ್ 2.43 ಮೀಟರ್, ಅಂದರೆ ಎಂಟು ಅಡಿಗೆ ಕೂದಲೆಳೆ ಕಡಿಮೆ. ಹೆಂಗಸರಿಗೆ 2.24. ಅಟ್ಯಾಕ್ ಗೆರೆ ನಡುವಿನಿಂದ 3 ಮೀಟರ್. ಸುತ್ತ ಕನಿಷ್ಠ 3 ಮೀಟರ್ ಖಾಲಿ ಬಿಡಿ, ಇದನ್ನು ಮರೆತು ಗೋಡೆ ಪಕ್ಕ ಹಾಕಿ ಭುಜ ಮುರಿದುಕೊಂಡವರನ್ನು ನೋಡಿದ್ದೇನೆ. ಚೆಂಡು 260ರಿಂದ 280 ಗ್ರಾಂ. ದೊಡ್ಡ ಟೂರ್ನಿಗಳಲ್ಲಿ ಕಾಣುವ ನೀಲಿ-ಹಳದಿ ಚೆಂಡು ಮಿಕಾಸಾ. ಮಣ್ಣಿನ ನೆಲಕ್ಕೆ ಅಷ್ಟು ದುಡ್ಡು ಹಾಕಬೇಡಿ, ಕಾಸ್ಕೊ ಅಥವಾ ನಿವಿಯಾ ಸಾಕು.

ಗೆದ್ದರೂ ಕೆಲವು ಸಲ ಮೂರು ಅಂಕ, ಕೆಲವು ಸಲ ಎರಡು. ಯಾಕೆ?

3-0 ಅಥವಾ 3-1ರಿಂದ ಗೆದ್ದರೆ ಮೂರು ಅಂಕ. 3-2ರಿಂದ ಗೆದ್ದರೆ ಎರಡು, ಸೋತವರಿಗೂ ಒಂದು. ಆದರೆ ಅಂಕಪಟ್ಟಿಯಲ್ಲಿ ಮೊದಲು ನೋಡುವುದು ಎಷ್ಟು ಪಂದ್ಯ ಗೆದ್ದರು ಅಂತ. ಅದು ಸಮ ಆದರೆ ಅಂಕ, ಆಮೇಲೆ ಸೆಟ್‌ಗಳ ಅನುಪಾತ, ಆಮೇಲೆ ಪಾಯಿಂಟ್‌ಗಳದ್ದು.

ಕೋಚ್ ಬೆರಳಲ್ಲಿ ಚೌಕ ಬರೆದು ತೋರಿಸುತ್ತಾರಲ್ಲ, ಏನದು?

ಚಾಲೆಂಜ್. ಕ್ರಿಕೆಟ್‌ನ ಡಿಆರ್‌ಎಸ್ ಇದ್ದ ಹಾಗೆ. ಚೆಂಡು ಗೆರೆ ಮುಟ್ಟಿತಾ, ಬ್ಲಾಕರ್ ಬೆರಳಿಗೆ ತಾಗಿತಾ, ನೆಟ್ ಮುಟ್ಟಿದರಾ ಎಲ್ಲವನ್ನೂ ಕ್ಯಾಮೆರಾದಲ್ಲಿ ನೋಡುತ್ತಾರೆ. ಒಂದು ಸೆಟ್‌ನಲ್ಲಿ ಎರಡು ಸಲ ತಪ್ಪಾದರೆ ಮತ್ತೆ ಕೇಳುವ ಹಾಗಿಲ್ಲ.

ಇಲ್ಲಿಯ ಮರಾಠಿ ಗೆಳೆಯರು ಆಡುವ ಶೂಟಿಂಗ್ ಬಾಲ್ ಇದೇ ಆಟನಾ?

ನೋಡಲು ಅಣ್ಣತಮ್ಮಂದಿರು, ಆಟ ಬೇರೆ. ಶೂಟಿಂಗ್‌ನಲ್ಲಿ ಪಾಸ್, ಲಿಫ್ಟ್, ಸ್ಮ್ಯಾಶ್ ಅನ್ನುವ ಮೂರು ಮುಟ್ಟಿನ ಸರಪಳಿ ಇಲ್ಲ. ಬಂದ ಚೆಂಡನ್ನು ನೇರ ಆಚೆಗೆ ಬಡಿಯುವುದೇ ಅದರ ಸೊಗಸು. ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಆಡುತ್ತಾರೆ. ನಮ್ಮ ಗುಂಪಿಗೆ ಬರುವ ವಿಜಯಪುರದ ಇಬ್ಬರು ಅಣ್ಣಂದಿರು ಅಲ್ಲಿಂದಲೇ ಬಂದವರು. ಅವರ ಕೈ ಕಬ್ಬಿಣ. ಲಿಫ್ಟರ್‌ಗಾಗಿ ಮೆತ್ತಗೆ ಪಾಸ್ ಕೊಡುವುದು ಕಲಿಯಲು ಅವರಿಗೆ ಒಂದು ವರ್ಷ ಹಿಡಿಯಿತು. ಈಗ ಗುಂಪಿನಲ್ಲಿ ಅವರದೇ ಅತ್ಯುತ್ತಮ ಪಾಸ್.

ಯಾವ ತಂಡ, ಯಾವ ಆಟಗಾರರನ್ನು ನೋಡಬೇಕು?

ಇಟಲಿಯಿಂದ ಶುರು ಮಾಡಿ. 2022 ಮತ್ತು 2025 ಎರಡೂ ಸಲ ಚಾಂಪಿಯನ್. ನಾಯಕ ಸಿಮೋನೆ ಜನೆಲ್ಲಿ ಲಿಫ್ಟರ್. ಮೊದಲ ಪಾಸ್ ಸರಿಯಾಗಿ ಬಂದರೆ ಲಿಫ್ಟರ್ ಏನೇನು ಮಾಡಬಹುದು ಅನ್ನುವುದಕ್ಕೆ ಅವನ ಕೈ ನೋಡಿ. ಎಡಗೈ ಹೊಡೆತಗಾರ ಅಲೆಸ್ಸಾಂದ್ರೊ ಮಿಕೆಲೆತ್ತೊ 2025ರ ಶ್ರೇಷ್ಠ ಆಟಗಾರ. ಇವರ ಕೋಚ್ ಫೆರ್ದಿನಾಂದೊ ದೆ ಜೋರ್ಜಿ ಆಟಗಾರನಾಗಿ 1990, 1994, 1998ರಲ್ಲಿ ಮೂರು ಸಲ ವಿಶ್ವ ಚಾಂಪಿಯನ್, ಈಗ ಕೋಚ್ ಆಗಿ ಎರಡು ಸಲ. ಒಬ್ಬ ಮನುಷ್ಯನ ಬಾಳಲ್ಲಿ ಐದು! 2025ರ ಸೆಪ್ಟೆಂಬರಿನಲ್ಲೇ ಇಟಲಿಯ ಹೆಂಗಸರೂ ಬ್ಯಾಂಕಾಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಬಲ್ಗೇರಿಯಾ ನನ್ನ ಮನಸ್ಸಿಗೆ ಹತ್ತಿರ. 1970ರ ನಂತರ ಮೊದಲ ಸಲ ಫೈನಲ್‌ಗೆ ಬಂದ ತಂಡ. ಅದರಲ್ಲಿ ಇಬ್ಬರು ಅಣ್ಣತಮ್ಮಂದಿರು, ಅಲೆಕ್ಸಾಂಡರ್ ಮತ್ತು ಸಿಮಿಯೊನ್ ನಿಕೊಲೊವ್. ಅಪ್ಪ ವ್ಲಾದಿಮಿರ್ ಕೂಡ ದೇಶಕ್ಕೆ ಆಡಿದವರು. ತಮ್ಮ ಸಿಮಿಯೊನ್‌ಗೆ ಆಗ 18 ವರ್ಷ, ಎರಡು ಮೀಟರ್ ದಾಟಿದ ಎತ್ತರ, ಆದರೂ ಲಿಫ್ಟರ್. ತಮ್ಮ ಎತ್ತಿ ಕೊಡುತ್ತಾನೆ, ಅಣ್ಣ ಹೊಡೆಯುತ್ತಾನೆ. ನವರಾತ್ರಿಯ ಆ ಭಾನುವಾರ ಫೈನಲ್ ನೋಡುವಾಗ ಹಾಲ್‌ನಲ್ಲಿ ಅರ್ಧ ಜನ ಬಲ್ಗೇರಿಯಾ ಕಡೆ ವಾಲಿದ್ದೇ ಈ ಅಣ್ಣತಮ್ಮಂದಿರನ್ನು ನೋಡಿ. ಅವರು ಸೋತಾಗ ಬೇಸರ ಆಯಿತು, ಇಟಲಿಯ ಆಟ ನೋಡಿ ಬೇಸರ ನಿಲ್ಲಲಿಲ್ಲ.

ಪೋಲೆಂಡ್ 2014, 2018ರಲ್ಲಿ ಗೆದ್ದ ದೇಶ, ಈ ಸಲ ಕಂಚು. ಅಲ್ಲಿ ವಾಲಿಬಾಲ್ ಅಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ.

ಪ್ರೈಮ್ ವಾಲಿಬಾಲ್ ಲೀಗ್‌ನಲ್ಲಿ ನಾವು ಬೆಂಗಳೂರಿಗಾ, ಮುಂಬೈಗಾ?

ಇದು ದೇಶಗಳ ಟೂರ್ನಿ ಅಲ್ಲ, ನಮ್ಮ ದೇಶದೊಳಗಿನ ತಂಡಗಳ ಲೀಗ್, ಆದರೂ ಪ್ರತಿ ಸಲ ಬರುವ ಪ್ರಶ್ನೆ. 2025ರ ಫೈನಲ್‌ನಲ್ಲಿ ಬೆಂಗಳೂರು ಟಾರ್ಪೆಡೋಸ್ ಮುಂಬೈ ಮಿಟಿಯರ್ಸ್ ತಂಡವನ್ನು ಸೋಲಿಸಿ ಗೆದ್ದಿತು. ಅದೇ ವರ್ಷ ಗೋವಾ ಗಾರ್ಡಿಯನ್ಸ್ ಕೂಡ ಹೊಸದಾಗಿ ಬಂತು. ನಾನು ಬೆಂಗಳೂರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮುಂಬೈ. ಅವಳು ಇಲ್ಲಿಯವಳೇ ತಾನೆ, ತಪ್ಪೇನಿದೆ. ಒಂದು ವಿಷಯ ನೆನಪಿಡಿ, ಆ ಲೀಗ್‌ನಲ್ಲಿ ಸೆಟ್ 15 ಪಾಯಿಂಟ್‌ಗೆ ಮುಗಿಯುತ್ತದೆ. ಅಲ್ಲಿನ ಲೆಕ್ಕ ಇಲ್ಲಿಗೆ ತರಬೇಡಿ.

ಮುಂದಿನ ವಿಶ್ವ ಚಾಂಪಿಯನ್‌ಷಿಪ್ ಎಲ್ಲಿ? ಇಲ್ಲಿ ಎಷ್ಟು ಗಂಟೆಗೆ ನೋಡಬಹುದು?

2027ರಲ್ಲಿ ಪೋಲೆಂಡ್. ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ ಇತ್ತು, ಅಲ್ಲಿನ ಸಂಜೆಯ ಪಂದ್ಯ ನಮ್ಮ ಚಹಾದ ಹೊತ್ತಿಗೆ ಬರುತ್ತಿತ್ತು. ಪೋಲೆಂಡ್ ಬೇಸಿಗೆ ಸಮಯದಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟೂವರೆ ಅಂದರೆ ನಮಗೆ ನಡುರಾತ್ರಿ. ಮೊದಲ ಪಾಳಿಗೆ ಹೋಗುವವರು ಈಗಲೇ ರಜೆ ಯೋಚಿಸಿಕೊಳ್ಳಿ. ಅಂತರರಾಷ್ಟ್ರೀಯ ಪಂದ್ಯಗಳು ವಾಲಿಬಾಲ್ ಟಿವಿ ಅನ್ನುವ ಆ್ಯಪ್‌ನಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಒಬ್ಬರು ಕಟ್ಟಿ ಹತ್ತು ಜನ ಒಂದೇ ಹಾಲ್‌ನಲ್ಲಿ ಕೂತು ನೋಡುವುದು ನಮ್ಮ ಪದ್ಧತಿ.

ಹೆಂಗಸರು ಬರಬಹುದಾ?

ಖಂಡಿತ. ಈಗಲೇ ಐದು ಜನ ಬರುತ್ತಾರೆ. ನೆಟ್ ಇಳಿಸುತ್ತೇವೆ.

ನನ್ನ ಮಗನಿಗೆ 12 ವರ್ಷ, ಎತ್ತರ ಕಡಿಮೆ. ವಾಲಿಬಾಲ್‌ಗೆ ಹಾಕಲಾ?

ಹಾಕಿ. ಆ ವಯಸ್ಸಿನಲ್ಲಿ ಎತ್ತರ ಅಳೆಯುವುದೇ ತಪ್ಪು. ಮೊದಲ ಒಂದು ವರ್ಷ ಸ್ಮ್ಯಾಶ್ ಕಲಿಸುವವರ ಹತ್ತಿರ ಕಳಿಸಬೇಡಿ. ಗೋಡೆಗೆ ಚೆಂಡು ಹೊಡೆದು ಅಂಡರ್‌ಹ್ಯಾಂಡ್‌ನಲ್ಲಿ ಎತ್ತುವುದನ್ನು ದಿನಕ್ಕೆ ನೂರು ಸಲ ಮಾಡಿಸುವವರ ಹತ್ತಿರ ಕಳಿಸಿ. ಮುಂಗೈ ಕೆಂಪಾಗುತ್ತದೆ, ಒಂದು ವಾರ ಉರಿಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿ. ಎತ್ತರ ಬಂದರೆ ಹೊಡೆತಗಾರ ಆಗುತ್ತಾನೆ, ಬರದಿದ್ದರೆ ಲಿಬೆರೊ ಆಗುತ್ತಾನೆ. ಪಾಸ್ ಇಬ್ಬರಿಗೂ ಬೇಕು. ಮೊಣಕಾಲಿಗೆ ನೀ-ಪ್ಯಾಡ್ ಮಾತ್ರ ಮೊದಲ ದಿನವೇ ತೆಗೆದುಕೊಡಿ. ಭಾನುವಾರ ಆರೂವರೆಗೆ ನಾವು ನೆಟ್ ಕಟ್ಟುತ್ತೇವೆ, ಅವನನ್ನೂ ಕರೆದುಕೊಂಡು ಬನ್ನಿ. ಕಂಬ ಹಿಡಿಯಲು ಒಬ್ಬರು ಯಾವಾಗಲೂ ಬೇಕಾಗುತ್ತದೆ.